ಐದನೆಯ ಮನೆಯ ಅರಿವೆ

“ಅಜ್ಜಾರೇ, ಒಂದು ವಸ್ತುವಿನಿಂದ ಏನೂ ಪ್ರಯೋಜನವಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿದೆ. ಯಾರೋ ಬಂದು ಅದನ್ನೇ ಬೇಡುತ್ತಾರೆ. ಕೊಡಬೇಕೇ? ಕೊಟ್ಟರೆ ಅವರ ಅಜ್ಞಾನವನ್ನು ನಾನೇ ಬೆಳೆಸಿದಂತಾಗುವುದಿಲ್ಲವೇ?”

ಹೀಗೆ ಕೇಳಿದವನು ಅಡವಯ್ಯ. ಅವನು ಮಠಕ್ಕೆ ಬಂದು ಮೂರು ವರ್ಷವಾಗಿತ್ತು. ಓದಿಕೊಂಡವನು. ಹಿಂದಿನ ದಿನ ಜ್ವರಕ್ಕೆ ದಾರ ಕಟ್ಟಿಸಿಕೊಳ್ಳಲು ಬಂದಿದ್ದ ಇಬ್ಬರಿಗೆ, ದಾರದಿಂದ ಜ್ವರ ಇಳಿಯುವುದಿಲ್ಲ ಎಂದು ಬುದ್ಧಿ ಹೇಳಿ ಕಳುಹಿಸಿದ್ದ. ಹಾಗೆ ಮಾಡಿದ್ದರ ಬಗ್ಗೆ ಅವನಿಗೆ ಒಳಗೊಳಗೇ ಸಮಾಧಾನವಿತ್ತು.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿಟ್ಟರು.

“ದಾರದಿಂದ ಜ್ವರ ಇಳಿಯುವುದಿಲ್ಲ. ಅಷ್ಟು ನನಗೂ ಗೊತ್ತು, ತಮ್ಮಾ. ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ, ನಿನಗೆ ಆ ಚಾಳಿ ಇದೆ.”

ಅಡವಯ್ಯ ಕುಳಿತ. ಅಜ್ಜಾರು ಹೇಳತೊಡಗಿದರು.

ಒಂದು ಊರು. ಎರೆಭೂಮಿಯ ಸೀಮೆ. ಮೂವತ್ತೋ ನಲವತ್ತೋ ಮನೆ. ಅಲ್ಲಿ ಒಬ್ಬ ವ್ಯಾಪಾರಿಯ ಹೆಂಡತಿ ಇದ್ದಳು. ಹೆಸರು ಬೇಡ, ಇನ್ನೂ ಬದುಕಿದ್ದಾಳೆ. ಅವಳು ಕೆಟ್ಟವಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಟ್ಟವಳಾಗಿದ್ದರೆ ನಿನಗೆ ಈ ಕತೆ ಹೇಳುತ್ತಲೇ ಇರಲಿಲ್ಲ. ಕೆಟ್ಟವರ ಕತೆ ಕೇಳಿದರೆ ನಾವು ಒಳ್ಳೆಯವರು ಅನ್ನಿಸುತ್ತದೆ, ಅಷ್ಟೇ. ಅದರಿಂದ ಯಾರಿಗೂ ಏನೂ ಆಗುವುದಿಲ್ಲ.

ಮದುವೆಯಾಗಿ ಎಂಟು ವರ್ಷ ಅವಳಿಗೆ ಮಕ್ಕಳಿರಲಿಲ್ಲ. ಒಂಬತ್ತನೆಯ ವರ್ಷ ಗಂಡು ಮಗು ಹುಟ್ಟಿತು. ಆ ಮೇಲೆ ಮತ್ತೆ ಆಗಲಿಲ್ಲ. ಇರುವುದು ಅದೊಂದೇ ಎಂದು ಅವಳಿಗೆ ಬೇಗನೆ ಗೊತ್ತಾಯಿತು. ಅಂದಿನಿಂದ ಮಗ ತೊಟ್ಟು ಬಿಟ್ಟ ಬಟ್ಟೆಯನ್ನು ಅವಳು ಎಸೆಯಲಿಲ್ಲ. ಮೊದಲ ವಾರ ಸುತ್ತಿದ ಹಳೆಯ ಸೀರೆಯ ತುಂಡು, ಕುಲಾವಿ, ಕುಂಚಿಗೆ, ಹಾಲು ಕಕ್ಕಿ ಕಲೆಯಾದ ಅಂಗಿ, ಅಂಬೆಗಾಲಿಟ್ಟು ಮೊಣಕಾಲಲ್ಲಿ ಸವೆದ ಚಡ್ಡಿ, ಎಲ್ಲವನ್ನೂ ಒಗೆದು ಒಣಗಿಸಿ ಟ್ರಂಕಿನಲ್ಲಿ ಇಟ್ಟಳು. ನಡುನಡುವೆ ಬೇವಿನ ಎಲೆ ಹಾಕಿದಳು. ವರ್ಷಕ್ಕೊಮ್ಮೆ ತೆಗೆದು ಬಿಸಿಲಿಗೆ ಹರವುತ್ತಿದ್ದಳು.

ಬೇರೆ ಮನೆಗಳಲ್ಲಿ ಹೀಗಿರಲಿಲ್ಲ. ದೊಡ್ಡದು ಬಿಟ್ಟ ಬಟ್ಟೆಯನ್ನು ಸಣ್ಣದು ತೊಡುತ್ತಿತ್ತು. ಸಣ್ಣದು ಬಿಟ್ಟದ್ದು ದೀಪ ಒರೆಸಲು ಹೋಗುತ್ತಿತ್ತು. ಆಮೇಲೆ ಬಿಸಿ ಪಾತ್ರೆ ಹಿಡಿಯಲು. ಆಮೇಲೆ ಒಲೆಗೆ. ಊರಿನಲ್ಲಿ ಮಕ್ಕಳು ಬೇಕಾದಷ್ಟಿದ್ದರು, ಮಕ್ಕಳು ಕೂಸಾಗಿದ್ದಾಗಿನ ಬಟ್ಟೆ ಮಾತ್ರ ಹೆಚ್ಚು ಮನೆಗಳಲ್ಲಿ ಇರಲಿಲ್ಲ.

ಮಗನಿಗೆ ಆರು ತುಂಬಿತು. ತಾಯಿಯ ಪಕ್ಕ ಬಿಟ್ಟು ಬೇರೆ ಹಾಸಿಗೆಯಲ್ಲಿ ಮಲಗುತ್ತೇನೆ ಎಂದ. ಅವಳಿಗೆ ಮನಸ್ಸಿರಲಿಲ್ಲ. ಆದರೂ ಆಗಲಿ ಎಂದಳು. ಹೊಸ ಹಾಸಿಗೆಗೆ ತಾನೇ ಒಂದು ಕೌದಿ ಹೊಲಿಯಬೇಕು, ಟ್ರಂಕಿನಲ್ಲಿರುವ ಬಟ್ಟೆಯನ್ನೆಲ್ಲ ಸೇರಿಸಿ ಹೊಲಿಯಬೇಕು ಎಂದುಕೊಂಡಳು. ಅದಕ್ಕೆ ಮೊದಲು ಅವಳು ದಬ್ಬಣ ಹಿಡಿದವಳಲ್ಲ. ಆ ಮನೆಗೆ ಕೌದಿಯನ್ನು ಕೂಲಿಗೆ ಹೊಲಿಸುತ್ತಿದ್ದರು. ಕೌದಿ ಹೊಲಿಯುವ ಮುದುಕಿಯೊಬ್ಬಳನ್ನು ಕರೆಸಿ, ನೀನು ಹೊಲಿಯಬೇಡ, ಪಕ್ಕದಲ್ಲಿ ಕೂತು ಹೇಳಿಕೊಡು ಎಂದಳು.

ಮುದುಕಿ ಹೇಳಿದಂತೆ ಎರಡು ಹಳೆಯ ಸೀರೆಗಳನ್ನು ಪಡಸಾಲೆಯಲ್ಲಿ ಒಂದರ ಮೇಲೊಂದು ಹಾಸಿದಳು. ಬಟ್ಟೆಗಳ ಹೊಲಿಗೆ ಬಿಚ್ಚಿದಳು. ಒಂದೊಂದನ್ನೂ ಸೀರೆಯ ಮೇಲೆ ಇಟ್ಟು ನೋಡಿದಳು. ಇದು ಹಲ್ಲು ಬಂದ ವಾರದ್ದು, ಇದು ದಡಾರ ಎದ್ದಾಗಿನದು, ಇದನ್ನು ತೊಟ್ಟು ಬಾವಿಯ ಕಟ್ಟೆ ಹತ್ತಿದ್ದ ಎಂದು ಮುದುಕಿಗೆ ಹೇಳುತ್ತಿದ್ದಳು. ಮುದುಕಿ ಹೂಂ ಹೂಂ ಎನ್ನುತ್ತ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಒಂದು ತುಂಡನ್ನು ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಸರಿಸುವುದರಲ್ಲೇ ಎಂಟು ದಿನ ಹೋಯಿತು. ಕೊನೆಗೆ ಎಲ್ಲ ತುಂಡುಗಳೂ ಕೂತವು. ಒಂದು ಬೆರಳಿನಷ್ಟೂ ಜಾಗ ಉಳಿಯಲಿಲ್ಲ. ಅಂಚಿನಿಂದ ಸುತ್ತು ಹಾಕುತ್ತ ನಡುವಿಗೆ ಬರಬೇಕು ಎಂದು ಮುದುಕಿ ಹೇಳಿಕೊಟ್ಟಳು. ಅವಳು ದಬ್ಬಣಕ್ಕೆ ದಾರ ಪೋಣಿಸಿದಳು.

ಅದೇ ದಿನಗಳಲ್ಲಿ ಊರಿನ ಇನ್ನೊಂದು ತುದಿಯಲ್ಲಿ ಕುಂಬಾರನ ಹೆಂಡತಿ ಹೆತ್ತಳು. ಅವಳಿಗೆ ಅದು ನಾಲ್ಕನೆಯ ಹೆರಿಗೆ. ಮೊದಲಿನ ಮೂರು ಮಕ್ಕಳಲ್ಲಿ ಒಂದೂ ತಿಂಗಳು ದಾಟಿರಲಿಲ್ಲ. ಮೂರೂ ಅವಳ ತೊಡೆಯ ಮೇಲೆಯೇ ಹೋಗಿದ್ದವು. ನಾಲ್ಕನೆಯದು ಹೆಣ್ಣು.

ಇನ್ನು ಆ ಕಡೆಯ ಪದ್ಧತಿ ಹೇಳುತ್ತೇನೆ, ಸರಿಯಾಗಿ ಕೇಳು. ಮಕ್ಕಳು ಉಳಿಯದ ಮನೆಯಲ್ಲಿ ಮತ್ತೆ ಮಗು ಹುಟ್ಟಿದರೆ ಅದನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತಾರೆ. ಬೇರೆ ಯಾರಾದರೂ ಹೋಗಿ ಎತ್ತಿಕೊಂಡು ಬರುತ್ತಾರೆ. ಅದು ಹೆತ್ತದ್ದಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು ಎಂದು ಸಾವನ್ನು ನಂಬಿಸಬೇಕು. ಆಮೇಲೆ ಅದೇ ಊರಿನ ಐದು ಮನೆಗಳಿಂದ ಹಳೆಯ ಬಟ್ಟೆ ಬೇಡಿ ತರಬೇಕು. ಆ ಮನೆಯ ಮಗು ಐದು ವರ್ಷ ದಾಟಿ ಬದುಕಿರಬೇಕು, ಬಟ್ಟೆ ಅದು ಕೂಸಾಗಿದ್ದಾಗ ತೊಟ್ಟದ್ದಾಗಿರಬೇಕು. ಕೊಂಡು ತರುವಂತಿಲ್ಲ, ಕದ್ದು ತರುವಂತಿಲ್ಲ. ತಾಯಿಯೇ ಸೆರಗೊಡ್ಡಬೇಕು, ಆ ಮನೆಯವರೇ ಕೈಯಾರೆ ಹಾಕಬೇಕು. ಆ ಐದು ತುಂಡು ಸೇರಿಸಿ ಅಂಗೈಯಗಲದ್ದಾದರೂ ಸರಿ, ಒಂದು ಸಣ್ಣ ಕೌದಿ ಹೊಲಿದು ಮಗುವಿಗೆ ಹೊದಿಸಬೇಕು. ಹೊದಿಸಿದ ಮೇಲೆ ಅದು ಐದು ಮನೆಯ ಮಗು. ಆಗ ಹೆತ್ತವಳು ಅದನ್ನು ಎತ್ತಿಕೊಳ್ಳಬಹುದು. ಅಲ್ಲಿಯವರೆಗೆ ಅವಳು ಮಗುವನ್ನು ಕೈಯಿಂದ ಮುಟ್ಟಬಾರದು.

ಹಾಲು? ಅದನ್ನೂ ಹೇಳುತ್ತೇನೆ. ಕುಂಬಾರನ ತಂಗಿ ಮಗುವನ್ನು ಹಿಡಿದು ಅತ್ತಿಗೆಯ ಎದೆಗೆ ಕೊಡುತ್ತಿದ್ದಳು. ಅಷ್ಟು ಹೊತ್ತೂ ಅತ್ತಿಗೆ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕೂರುತ್ತಿದ್ದಳು. ತನ್ನ ಕೈಯನ್ನು ತಾನೇ ನಂಬುತ್ತಿರಲಿಲ್ಲ ಅವಳು. ಹಾಲು ಕುಡಿದಾದ ಮೇಲೆ ನಾದಿನಿ ಮಗುವನ್ನು ಮೊರದಲ್ಲಿ ಮಲಗಿಸುತ್ತಿದ್ದಳು. ತಾಯಿ ಒಂದು ಮಾರು ದೂರ ಕೂತು ನೋಡುತ್ತಿದ್ದಳು.

ಹನ್ನೊಂದನೆಯ ದಿನದ ನೀರು ಹಾಕಿಕೊಂಡು ಅವಳು ಸೆರಗೊಡ್ಡಲು ಹೊರಟಳು. ಮೈಯಲ್ಲಿ ಇನ್ನೂ ಹಸಿ ಬಾಣಂತನ. ಎರಡು ದಿನ ಊರೆಲ್ಲ ತಿರುಗಿದಳು. ಒಂದು ಮನೆಯಲ್ಲಿ ಕಪಾಟು ಒರೆಸುವ ಬಟ್ಟೆಯನ್ನೇ ತೊಳೆದು ಕೊಟ್ಟರು. ಒಂದು ಮನೆಯಲ್ಲಿ ದಿಂಬಿನೊಳಗಿಂದ ಬಿಚ್ಚಿ ಕೊಟ್ಟರು. ಹೀಗೆ ನಾಲ್ಕು ಆದವು. ಐದನೆಯದು ಎಲ್ಲೂ ಸಿಗಲಿಲ್ಲ. ಎಲ್ಲಿ ಕೇಳಿದರೂ ವ್ಯಾಪಾರಿಯ ಮನೆಗೆ ಹೋಗು, ಅಲ್ಲಿ ಟ್ರಂಕುಗಟ್ಟಲೆ ಇದೆ ಎಂದರು.

ಹದಿಮೂರನೆಯ ದಿನ ಅವಳು ವ್ಯಾಪಾರಿಯ ಮನೆಯ ಹೊಸ್ತಿಲ ಹೊರಗೆ ಬಂದು ನಿಂತಳು. ಪಡಸಾಲೆಯಲ್ಲಿ ಕೌದಿ ಹರವಿತ್ತು. ಅಂಚಿನ ಮೊದಲ ಸುತ್ತು ಮುಗಿದಿತ್ತು.

“ಅಕ್ಕಾರೆ, ನಿಮ್ಮ ಮಗ ತೊಟ್ಟು ಬಿಟ್ಟ ಒಂದು ಅರಿವಿ ಹಾಕ್ರಿ. ಹರಿದದ್ದಾದರೂ ಆದೀತು. ನಾಲ್ಕು ಮನಿ ಆಗ್ಯಾವ.”

ವ್ಯಾಪಾರಿಯ ಹೆಂಡತಿ ಕೌದಿಯ ಕಡೆ ನೋಡಿದಳು. ಒಂದು ತುಂಡು ತೆಗೆದರೆ ಅಲ್ಲಿ ಜಾಗ ಖಾಲಿಯಾಗುತ್ತದೆ. ಎಂಟು ದಿನ ಕೂತು ಹೊಂದಿಸಿದ್ದು. ಆದರೆ ಅದು ನಿಜವಾದ ಕಾರಣ ಆಗಿರಲಿಲ್ಲ. ಮುದುಕಿ ಪಕ್ಕದಿಂದ, ಒಂದು ಕೊಡವ್ವಾ, ಆ ಜಾಗಕ್ಕೆ ನಿನ್ನ ಸೀರೆಯದೊಂದು ತುಂಡು ಇಟ್ಟು ಹೊಲಿಯೋಣ ಎಂದೂ ಹೇಳಿದಳು.

ನಿಜವಾದ ಕಾರಣ ಭಯ. ಒಂದೇ ಮಗುವಿರುವ ಮನೆಯ ಬಟ್ಟೆ ಮಕ್ಕಳು ಸಾಯುವ ಮನೆಗೆ ಹೋದರೆ, ಆ ಮನೆಯ ಸಾವು ಅದೇ ದಾರಿ ಹಿಡಿದು ಈ ಮನೆಗೆ ಬರುತ್ತದೆ ಎಂದು ಅವಳ ತವರಿನಲ್ಲಿ ಯಾರೋ ಹೇಳಿದ್ದರು. ಆದರೆ ಬಾಗಿಲಲ್ಲಿ ನಿಂತ ಬಾಣಂತಿಗೆ ಅದನ್ನು ಹೇಳಲು ಬಾಯಿ ಹೇಗೆ ಬರುತ್ತದೆ? ಅದಕ್ಕೆ ಅವಳು ಬೇರೆ ಮಾತು ಹೇಳಿದಳು.

“ತಂಗೀ, ಅರಿವಿಯಿಂದ ಕೂಸು ಉಳೀತದೇನು? ಇವೆಲ್ಲ ಕುರುಡು ನಂಬಿಗಿ. ನಮ್ಮ ಬಂಡಿ ಹೂಡಿಸಿ ಕೊಡ್ತೀನಿ, ಡಾಕ್ಟರಿಗೆ ತೋರಿಸ್ಕೊಂಡು ಬಾ.”

ಹೇಳಿದ್ದು ನಿಜವೇ. ಒಳ್ಳೆಯ ಮಾತೇ. ಬಂಡಿಯನ್ನೂ ಹೂಡಿಸಿದಳು. ಬಾಣಂತಿಗೆಂದು ಒಂದು ಗಡಿಗೆ ತುಪ್ಪ ಕೊಟ್ಟಳು, ಮಗುವಿಗೆ ಅಂಗಡಿಯಿಂದ ಹೊಸ ಬಟ್ಟೆ ತರಿಸಿ ಕೊಟ್ಟಳು. ಕೇಳಿದ್ದೊಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟಳು. ತಾನು ಯಾವ ಮಾತನ್ನು ಕುರುಡು ನಂಬಿಕೆ ಎಂದಳೋ ಅದರ ಜೋಡಿ ಮಾತನ್ನೇ ಹಿಡಿದು ನಡುಗುತ್ತಿದ್ದಾಳೆ ಎಂಬುದು ಆಗ ಅವಳಿಗೆ ಹೊಳೆಯಲಿಲ್ಲ. ಯಾರಿಗೆ ಹೊಳೆಯುತ್ತದೆ ಹೇಳು. ನನಗೂ ಎಷ್ಟೋ ಸಲ ಹೊಳೆದಿಲ್ಲ.

ಬಾಣಂತಿ ಊರ ಗಡಿ ದಾಟುವಂತಿರಲಿಲ್ಲ. ಕುಂಬಾರನೂ ಅವನ ತಂಗಿಯೂ ಮಗುವನ್ನು ಎತ್ತಿಕೊಂಡು ಬಂಡಿಯಲ್ಲಿ ಹೋದರು. ಡಾಕ್ಟರು ನೋಡಿದರು. ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಇದಕ್ಕೆ ಹುಟ್ಟುವಾಗಲೇ ಗುಂಡಿಗೆಯಲ್ಲಿ ದೋಷವಿದೆ, ಮೊದಲಿನ ಮಕ್ಕಳಿಗೂ ಹೀಗೇ ಇದ್ದಿರಬೇಕು, ನನ್ನ ಹತ್ತಿರ ಔಷಧವಿಲ್ಲ ಎಂದರು. ಸುಳ್ಳು ಹೇಳದ ಮನುಷ್ಯ. ಇಬ್ಬರೂ ಮಗುವನ್ನು ಎತ್ತಿಕೊಂಡು ವಾಪಸು ಬಂದರು.

ಇಪ್ಪತ್ತನೆಯ ದಿನ ಕುಂಬಾರನ ಹೆಂಡತಿ ಮತ್ತೆ ಬಂದಳು. ಕೌದಿ ಅರ್ಧ ಮುಗಿದಿತ್ತು. ಈ ಸಲ ಅವಳ ದನಿ ಸಣ್ಣದಾಗಿತ್ತು.

“ಅಕ್ಕಾರೆ, ನೀವು ಹೇಳಿದಂಗ ಡಾಕ್ಟರಿಗೆ ತೋರಿಸಿದ್ವಿ. ಔಷಧ ಇಲ್ಲ ಅಂದ್ರು. ಈಗರ ಒಂದು ಅರಿವಿ ಹಾಕ್ರಿ.”

“ಡಾಕ್ಟರೇ ಕೈಬಿಟ್ಟ ಮ್ಯಾಲೆ ಅರಿವಿ ಏನು ಮಾಡ್ತದ ತಂಗೀ? ಸುಮ್ಮನೆ ಆಸೆ ಹಚ್ಚಿಕೊಳ್ಳಬ್ಯಾಡ.”

ಇದೂ ನಿಜವೇ. ನೀನು ಆ ಜಾಗದಲ್ಲಿದ್ದರೆ ಇದನ್ನೇ ಹೇಳುತ್ತಿದ್ದೆ, ಇನ್ನೂ ಅಚ್ಚುಕಟ್ಟಾಗಿ ಹೇಳುತ್ತಿದ್ದೆ. ಕುಂಬಾರನ ಹೆಂಡತಿ ಒಡ್ಡಿದ ಸೆರಗನ್ನು ಕೂಡಲೇ ಇಳಿಸಲಿಲ್ಲ. ಕೌದಿಯನ್ನು ನೋಡಿದಳು. ಅದರಲ್ಲಿ ಎಷ್ಟು ತುಂಡು ಇವೆ ಎಂದು ಅವಳು ಎಣಿಸಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಅಂದು ವ್ಯಾಪಾರಿಯ ಹೆಂಡತಿಗೆ ಹೊಲಿಗೆ ಓಡಲಿಲ್ಲ. ದಬ್ಬಣ ಎರಡು ಸಲ ಬೆರಳಿಗೆ ಚುಚ್ಚಿತು. ಮರುದಿನದಿಂದ ಮುದುಕಿ ಬರುವುದನ್ನೇ ಬಿಟ್ಟಳು. ಕೇಳಿ ಕಳುಹಿಸಿದರೆ, ಕಲಿಸುವುದು ಇನ್ನೇನೂ ಉಳಿದಿಲ್ಲ ಎಂದು ಹೇಳಿ ಕಳುಹಿಸಿದಳು. ವ್ಯಾಪಾರಿಯ ಹೆಂಡತಿ ಒಬ್ಬಳೇ ಕೂತು ಹೊಲಿದಳು. ಸುತ್ತು ಸಣ್ಣದಾಗುತ್ತ ಬಂತು. ಮಗ ಶಾಲೆಯಿಂದ ಬಂದು, ಮುಗಿಯಿತೇ ಅವ್ವಾ ಎಂದು ಕೇಳುತ್ತಿದ್ದ.

ಒಂದು ಮಧ್ಯಾಹ್ನ ನಡುವಿನ ಕೊನೆಯ ತುಂಡಿನ ಸುತ್ತ ಹೊಲಿಗೆ ಹಾಕುತ್ತಿದ್ದಾಗ, ನೀರು ಸೇದಲು ಬಂದ ಹೆಂಗಸೊಬ್ಬಳು ಕುಂಬಾರರ ಕೂಸು ಹೋಯಿತಂತೆ ಎಂದಳು. ಬೆಳಗ್ಗೆಯೇ ಹೋಗಿತ್ತು. ಮಣ್ಣೂ ಮಾಡಿ ಬಂದಿದ್ದರು. ಅದು ಇಪ್ಪತ್ತೊಂಬತ್ತನೆಯ ದಿನ.

ಆಗ ವ್ಯಾಪಾರಿಯ ಹೆಂಡತಿ ಏನು ಮಾಡಿದಳು ಗೊತ್ತೇ? ಕತ್ತರಿ ತೆಗೆದುಕೊಂಡು ಕೌದಿಯ ನಡುವಿನ ತುಂಡನ್ನು ಬಿಚ್ಚಿದಳು. ಅದು ಮಗನ ಕುಂಚಿಗೆಯ ಬಟ್ಟೆ. ಎಲ್ಲಕ್ಕಿಂತ ಮೆತ್ತಗಿದೆ ಎಂದು ನಡುವಿಗೆ ಇಟ್ಟಿದ್ದಳು. ಅದನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಕುಂಬಾರರ ಓಣಿಗೆ ಹೋದಳು. ಯಾಕೆ ಹೋದೆ ಎಂದು ನಾನು ಆಮೇಲೆ ಕೇಳಿದೆ. ಗೊತ್ತಿಲ್ಲ ಅಜ್ಜಾರೆ, ಮನೆಯಲ್ಲಿ ನಿಲ್ಲಲು ಆಗಲಿಲ್ಲ ಎಂದಳು.

ಕುಂಬಾರನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಕೈಗಳು ಬೆನ್ನ ಹಿಂದೆಯೇ ಇದ್ದವು. ಅವಳು ಬೈಯಲಿಲ್ಲ, ಅಳಲಿಲ್ಲ. ಬಂದವಳ ಕೈಯಲ್ಲಿದ್ದ ತುಂಡನ್ನು ನೋಡಿದಳು. ಕೈ ಮುಂದೆ ತಂದು ಸೆರಗೊಡ್ಡಿದಳು. ವ್ಯಾಪಾರಿಯ ಹೆಂಡತಿ ತುಂಡನ್ನು ಸೆರಗಿಗೆ ಹಾಕಿದಳು. ಕುಂಬಾರನ ಹೆಂಡತಿ ಗೋಡೆಯ ಗೂಡಿನಿಂದ ಆ ನಾಲ್ಕು ತುಂಡುಗಳನ್ನು ತೆಗೆದಳು. ಸೂಜಿ ತೆಗೆದಳು. ಅವಳ ಎದುರಿಗೇ ಕೂತು ಐದನ್ನೂ ಸೇರಿಸಿ ಹೊಲಿದಳು. ಅವಸರ ಮಾಡಲಿಲ್ಲ. ಹೊಲಿಗೆ ನೆಟ್ಟಗಿತ್ತು. ಮುಗಿದ ಮೇಲೆ ದಾರವನ್ನು ಹಲ್ಲಿನಿಂದ ಕಡಿದು, ಆ ಸಣ್ಣ ಕೌದಿಯನ್ನು ಖಾಲಿ ಮೊರದಲ್ಲಿ ಹಾಸಿದಳು.

“ಆತ್ರಿ ಅಕ್ಕಾರೆ,” ಎಂದಳು. ಅಷ್ಟೇ.

ವ್ಯಾಪಾರಿಯ ಹೆಂಡತಿ ಮರುದಿನ ಇಲ್ಲಿಗೆ ಬಂದಳು. ಇದೇ ಜಾಗದಲ್ಲಿ, ನೀನು ಕೂತಲ್ಲಿಯೇ ಕೂತಳು. ನಡುವಿನ ತುಂಡಿಲ್ಲದ ಆ ದೊಡ್ಡ ಕೌದಿಯನ್ನು ಮಡಚಿ ತಂದಿದ್ದಳು. ಅದನ್ನು ಮುಂದಿಟ್ಟುಕೊಂಡು ಒಂದೇ ಮಾತು ಕೇಳಿದಳು. ಅಜ್ಜಾರೆ, ನಾನು ಅರಿವಿ ಕೊಟ್ಟಿದ್ದರೆ ಆ ಕೂಸು ಉಳೀತಿತ್ತೇನು?

ಉಳಿಯುತ್ತಿರಲಿಲ್ಲ ತಾಯಿ ಎಂದೆ. ಅದು ನಿಜ. ಅವಳಿಗೆ ಸಮಾಧಾನವಾಗುತ್ತದೆ ಎಂದುಕೊಂಡೆ. ಆದರೆ ಅದನ್ನು ಕೇಳಿದ ಮೇಲೆಯೇ ಅವಳು ಅತ್ತದ್ದು. ಉಳಿಯುತ್ತಿತ್ತು ಎಂದಿದ್ದರೆ ಅವಳು ಪಾಪ ಮಾಡಿದಂತಾಗುತ್ತಿತ್ತು. ಪಾಪಕ್ಕೆ ಏನಾದರೂ ಪ್ರಾಯಶ್ಚಿತ್ತ ಕೇಳಬಹುದಿತ್ತು. ಉಪವಾಸ ಮಾಡುತ್ತಿದ್ದಳು, ಬೆಟ್ಟ ಹತ್ತುತ್ತಿದ್ದಳು. ನಾನು ಅದಕ್ಕೂ ದಾರಿ ಇಲ್ಲದಂತೆ ಮಾಡಿದೆ. ಹೊತ್ತು ಮುಳುಗುವ ತನಕ ಕೂತಿದ್ದಳು. ಪ್ರಸಾದಕ್ಕೆ ಕರೆದರೆ ಏಳಲಿಲ್ಲ. ಆಮೇಲೆ ಕೌದಿಯನ್ನು ಎತ್ತಿಕೊಂಡು ಮನೆಗೆ ಹೋದಳು. ಆ ಕೌದಿಯನ್ನು ಅವಳು ಮಗನಿಗೆ ಹೊದಿಸಲಿಲ್ಲ. ಆ ಖಾಲಿ ಜಾಗಕ್ಕೆ ಬೇರೆ ಬಟ್ಟೆಯನ್ನೂ ಹಚ್ಚಲಿಲ್ಲ. ಕುಂಬಾರನ ಹೆಂಡತಿಗೆ ಮತ್ತೆ ಮಕ್ಕಳಾಗಲಿಲ್ಲ.

ಅಜ್ಜಾರು ಕತೆ ಮುಗಿಸಿದರು. ಕತೆಯಲ್ಲಿ ಎಲ್ಲೋ ತನಗೆ ಅನ್ಯಾಯವಾಗಿದೆ ಎಂದು ಅಡವಯ್ಯನಿಗೆ ಅನ್ನಿಸುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟ.

“ಅಜ್ಜಾರೇ, ಬಟ್ಟೆ ಕೊಟ್ಟಿದ್ದರೂ ಮಗು ಇಪ್ಪತ್ತೊಂಬತ್ತನೆಯ ದಿನವೇ ಹೋಗುತ್ತಿತ್ತು. ನೀವೇ ಹೇಳಿದಿರಿ. ಹಾಗಾದರೆ ಹದಿಮೂರನೆಯ ದಿನ ಕೊಡದೆ ಇದ್ದದ್ದರಿಂದ ಆ ತಾಯಿಗೆ ಆದ ನಷ್ಟವೇನು?”

ಅಜ್ಜಾರು ಅವನ ಮುಖ ನೋಡಿದರು.

“ಹದಿನಾರು ದಿನ ಎತ್ತಿಕೊಳ್ಳುತ್ತಿದ್ದಳು, ತಮ್ಮಾ.”